ಗಣಿ ಅವರದು, ಕಾರ್ಖಾನೆ ನಮ್ಮದು

ವೀಕ್ಷಕರೇ, ಇವತ್ತಿನ ಮಾತನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

2024ರ ಫೆಬ್ರವರಿ. ನಮ್ಮ ರಾಜ್ಯ ಸರ್ಕಾರವೇ ದೆಹಲಿಗೆ ಹೋಗಿ ಜಂತರ್ ಮಂತರ್‌ನಲ್ಲಿ ಧರಣಿ ಕೂತಿತ್ತು. ‘ನನ್ನ ತೆರಿಗೆ ನನ್ನ ಹಕ್ಕು’ ಅನ್ನೋ ಘೋಷಣೆ ನಿಮಗೆಲ್ಲ ನೆನಪಿರುತ್ತೆ. ನಮ್ಮ ಸ್ಟುಡಿಯೋದಲ್ಲೂ ಅದೇ ಚರ್ಚೆ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಬಿಹಾರದ ಪಾಲು ಶೇ 10.058 ಇತ್ತು. ಈ ಎರಡು ಅಂಕಿಗಳನ್ನ ಪಕ್ಕಪಕ್ಕದಲ್ಲಿ ದೊಡ್ಡದಾಗಿ ಸ್ಕ್ರೀನ್ ಮೇಲೆ ಹಾಕಿದ್ವಿ. ಆ ಬಿಸಿಯಲ್ಲಿ ನಾನೊಂದು ಮಾತು ಹೇಳಿಬಿಟ್ಟೆ: “ದುಡಿಯೋರು ನಾವು, ಕೂತು ತಿನ್ನೋರು ಅವರು. ಇದು ಇನ್ನೆಷ್ಟು ವರ್ಷ?”

ಆ ತುಣುಕು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿತು. ಭೇಷ್ ಅಂದವರೇ ಜಾಸ್ತಿ. ರಾತ್ರಿ ಹನ್ನೊಂದೂವರೆಗೆ ಮೇಕಪ್ ತೆಗೆದು ಮೊಬೈಲ್ ನೋಡಿದರೆ ಒಂದು ಮೆಸೇಜ್ ಕಾಯ್ತಾ ಇತ್ತು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವನದು. ಧನ್‌ಬಾದ್ ಹುಡುಗ. ಬೆಂಗಳೂರಿನಲ್ಲೇ ಕೆಲಸ, ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ. ಬೈದಿರಲಿಲ್ಲ. ಒಂದೇ ಪ್ರಶ್ನೆ ಕೇಳಿದ್ದ: “ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಇಬ್ಬರೂ ಕೈ ಬೊಬ್ಬೆ ಬರೋ ತನಕ ಕಬ್ಬಿಣಕ್ಕೆ ಅರ ಉಜ್ಜಿದ್ವಲ್ಲ, ಆ ಕಬ್ಬಿಣ ಎಲ್ಲಿಂದ ಬಂದಿತ್ತು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀಯಾ?”

ಮಾಡಿರಲಿಲ್ಲ. ಅದಾದ ಮೇಲೆ ಮಾಡಿದೆ, ಓದಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ.

ನೋಡಿ, ಪೂರ್ವ ಭಾರತ ಹುಟ್ಟಾ ಬಡ ಪ್ರದೇಶ ಅಲ್ಲ. ಭಾರತದಲ್ಲಿ ಕಲ್ಲಿದ್ದಲು ತೆಗೆಯೋ ಕೆಲಸ ಮೊದಲು ಶುರುವಾಗಿದ್ದು ಬಂಗಾಳದ ರಾಣಿಗಂಜ್‌ನಲ್ಲಿ, 1774ರಲ್ಲಿ. ಪೂರ್ವದಲ್ಲಿ ಮೊದಲ ಪ್ಯಾಸೆಂಜರ್ ರೈಲು ಹೌರಾದಿಂದ ಓಡಿದ್ದು 1854ರಲ್ಲಿ. ಮರು ವರ್ಷವೇ ಹಳಿ ರಾಣಿಗಂಜ್ ಗಣಿ ಮುಟ್ಟಿತ್ತು. ಯಾಕೆ ಗೊತ್ತಾ? ಕಲ್ಲಿದ್ದಲನ್ನ ಹೊರಗೆ ಸಾಗಿಸೋಕೆ. ಇದನ್ನ ನೆನಪಿಟ್ಟುಕೊಳ್ಳಿ. ಆ ಭಾಗದಲ್ಲಿ ಹಳಿ ಹಾಕಿದ್ದೇ ಮಾಲು ಹೊರಗೆ ಹೋಗಲಿ ಅಂತ.

ಆಮೇಲೆ ಟಾಟಾ ಬಂದರು. 1907ರಲ್ಲಿ ಕಂಪನಿ ಶುರುವಾಯ್ತು, 1912ರಲ್ಲಿ ಉಕ್ಕು ಬಂತು. ಸಾಕ್ಚಿ ಅನ್ನೋ ಹಳ್ಳಿ ಜಮ್ಷೆಡ್‌ಪುರ ಆಯ್ತು. ಆ ಜಾಗವನ್ನೇ ಯಾಕೆ ಆರಿಸಿದರು? ಅದಿರು ಮಯೂರ್‌ಭಂಜ್‌ನ ಗುಡ್ಡಗಳಲ್ಲಿ, ಕಲ್ಲಿದ್ದಲು ಝರಿಯಾದಲ್ಲಿ, ನೀರು ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಸೇರುವಲ್ಲಿ. ಮೂರೂ ಕೈಗೆಟುಕುವ ದೂರದಲ್ಲಿ. ಇಂಜಿನಿಯರಿಂಗ್ ಓದಿದ ಯಾರನ್ನೇ ಕೇಳಿ, ಕಾರ್ಖಾನೆಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ ಅಂತಾರೆ. ಆಗ ಹೌರಾದ ಸಣ್ಣ ಸಣ್ಣ ಲೇಥ್ ಅಂಗಡಿಗಳು, ಫೌಂಡ್ರಿಗಳು ಎಷ್ಟು ಹೆಸರಾಗಿದ್ದವು ಅಂದ್ರೆ, ಆ ಊರನ್ನ ‘ಪೂರ್ವದ ಶೆಫೀಲ್ಡ್’ ಅಂತ ಕರೀತಿದ್ರು.

ಸ್ವಾತಂತ್ರ್ಯ ಬಂದಾಗ ದೇಶದ ಉಕ್ಕಿನ ಬಹುಪಾಲು ಬರ್ತಿದ್ದದ್ದು ಎರಡೇ ಊರಿಂದ: ಬಿಹಾರದ ಜಮ್ಷೆಡ್‌ಪುರ, ಬಂಗಾಳದ ಬರ್ನ್‌ಪುರ. ನಮ್ಮ ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಭದ್ರಾವತಿ ಇತ್ತು, ಹೆಮ್ಮೆಯ ವಿಷಯವೇ. ಆದ್ರೆ ಅವುಗಳ ಮುಂದೆ ಅದು ಚಿಕ್ಕದು. ಅಂಥ ಬಿಹಾರ, ಅಂಥ ಬಂಗಾಳ ಹಿಂದೆ ಬಿದ್ದಿದ್ದು ಹೇಗೆ?

ಇಲ್ಲಿಂದ ನಮ್ಮ ಕಥೆ. ಪಠ್ಯಪುಸ್ತಕದಲ್ಲಿ ಇದನ್ನ ನಾನಂತೂ ಓದಿಲ್ಲ.

1950ರ ದಶಕ. ದೆಹಲಿಯಲ್ಲಿ ಯೋಜನೆ ಹಾಕುವವರ ಮುಂದೆ ಒಂದು ನ್ಯಾಯವಾದ ಪ್ರಶ್ನೆ ಇತ್ತು. ಖನಿಜ ಇರೋ ಕಡೆ ಮಾತ್ರ ಕೈಗಾರಿಕೆ ಬೆಳೆದರೆ ಪಂಜಾಬ್ ಏನು ಮಾಡಬೇಕು? ಮದ್ರಾಸ್, ಮೈಸೂರು ಏನು ಮಾಡಬೇಕು? ಅಭಿವೃದ್ಧಿ ಎಲ್ಲ ಕಡೆ ಆಗಬೇಕಲ್ವಾ? ಇದಕ್ಕೆ ಅವರು ಕಂಡುಕೊಂಡ ಉತ್ತರ ಸರಕು ಸಾಗಣೆ ದರದ ಸಮೀಕರಣ. ಇಂಗ್ಲಿಷಿನಲ್ಲಿ ಫ್ರೈಟ್ ಈಕ್ವಲೈಸೇಷನ್. ಹೆಸರು ಕೇಳಿ ಚಾನೆಲ್ ಬದಲಾಯಿಸಬೇಡಿ, ಲೆಕ್ಕ ಬಹಳ ಸರಳ ಇದೆ.

ಸುಮ್ಮನೆ ಒಂದು ಉದಾಹರಣೆ, ಅಂಕಿಗಳು ನಾನು ಹಾಕಿಕೊಂಡಿದ್ದು. ಜಮ್ಷೆಡ್‌ಪುರದ ಕಾರ್ಖಾನೆ ಬಾಗಿಲಲ್ಲಿ ಒಂದು ಟನ್ ಉಕ್ಕಿಗೆ 1000 ರೂಪಾಯಿ ಅಂತಿಟ್ಟುಕೊಳ್ಳಿ. ಪಕ್ಕದ ಊರಿಗೆ ಸಾಗಿಸೋಕೆ 10 ರೂಪಾಯಿ. ಹತ್ತಿರತ್ತಿರ 2 ಸಾವಿರ ಕಿಲೋಮೀಟರ್ ದೂರದ ಬೆಂಗಳೂರಿಗೆ 190 ರೂಪಾಯಿ. ಮಾಮೂಲಿ ಲೆಕ್ಕದಲ್ಲಿ ಅಲ್ಲಿಯವನಿಗೆ ಉಕ್ಕು 1010ಕ್ಕೆ, ಬೆಂಗಳೂರಿನವನಿಗೆ 1190ಕ್ಕೆ ಸಿಗಬೇಕು. ಸರ್ಕಾರ ಏನು ಮಾಡ್ತು? ಇಬ್ಬರ ಬಾಡಿಗೆಯನ್ನೂ ಕೂಡಿಸಿ ಸಮ ಭಾಗ ಮಾಡ್ತು. ತಲಾ 100. ಈಗ ಇಬ್ಬರಿಗೂ ಉಕ್ಕು 1100 ರೂಪಾಯಿ. ಎಲ್ಲ ಕಡೆ ಒಂದೇ ರೇಟು.

ಕೇಳೋಕೆ ಎಷ್ಟು ಚೆನ್ನಾಗಿದೆ! ಸಮಾನತೆ ಅಂದ್ರೆ ಇದೇ ಅಲ್ವಾ?

ಸ್ವಲ್ಪ ನಿಲ್ಲಿ. ಬೆಂಗಳೂರಿನವನಿಗೆ 90 ರೂಪಾಯಿ ಉಳೀತು. ಆ 90 ರೂಪಾಯಿ ಕೊಟ್ಟವರು ಯಾರು? ಜಮ್ಷೆಡ್‌ಪುರದ ಪಕ್ಕದಲ್ಲಿದ್ದವನು. ತನ್ನ ಮನೆ ಹಿತ್ತಿಲಲ್ಲಿ ಬೆಳೆದದ್ದಕ್ಕೆ, ರೈಲು ಹತ್ತದೇ ಇದ್ದ ಉಕ್ಕಿಗೆ ಅವನು ರೈಲು ಬಾಡಿಗೆ ಕಟ್ಟಿದ. ಅದೂ ನಮ್ಮ ಬಾಡಿಗೆ.

ಉಕ್ಕಿಗೆ ಈ ವ್ಯವಸ್ಥೆ 1956ರಿಂದ ದೇಶಾದ್ಯಂತ ನಡೀತು. ಸಿಮೆಂಟಿಗೂ ಇಂಥದ್ದೇ ಲೆಕ್ಕ ಬಂತು. ಕಲ್ಲಿದ್ದಲಿನ ವಿಷಯದಲ್ಲಿ ರೈಲ್ವೆಯ ದರ ಪಟ್ಟಿಯೇ ಸಾಕಾಯ್ತು. ದೂರ ಹೆಚ್ಚಿದಷ್ಟೂ ಪ್ರತಿ ಕಿಲೋಮೀಟರಿನ ಬಾಡಿಗೆ ಕಡಿಮೆ ಆಗೋ ಪದ್ಧತಿ ಅಲ್ಲಿತ್ತು, ಲಾಭ ದೂರದವರಿಗೇ. ಉಕ್ಕಿನ ಸಮೀಕರಣ ರದ್ದಾಗಿದ್ದು 1990ರ ದಶಕದ ಆರಂಭದಲ್ಲಿ. ಅಂದ್ರೆ ಸುಮಾರು 35 ವರ್ಷ. ಒಂದು ಇಡೀ ತಲೆಮಾರು.

ಇನ್ನೊಂದು ವಿಷಯ ಕೇಳಿ. ಈ ನಿಯಮ ಹತ್ತಿಗೆ ಇರಲಿಲ್ಲ! ಮುಂಬೈ, ಅಹಮದಾಬಾದ್ ಮಿಲ್‌ಗಳ ಹತ್ತಿರವೇ ಹತ್ತಿ ಬೆಳೀತಿತ್ತು. ಆ ಅನುಕೂಲ ಅವರಿಗೇ ಉಳೀತು. ಪಾಟ್ನಾದಲ್ಲಿ ಬಟ್ಟೆ ಮಿಲ್ ಹಾಕೋನಿಗೆ ಹತ್ತಿಯನ್ನ ಮುಂಬೈ ರೇಟಿಗೆ ಕೊಡಿ ಅಂತ ಯಾರೂ ನಿಯಮ ಮಾಡಲಿಲ್ಲ. ಪೂರ್ವದ ಅನುಕೂಲವನ್ನ ದೇಶಕ್ಕೆಲ್ಲ ಹಂಚಿದರು, ಪಶ್ಚಿಮದ ಅನುಕೂಲವನ್ನ ಪಶ್ಚಿಮಕ್ಕೇ ಬಿಟ್ಟರು.

ನಾನು ಇಂಜಿನಿಯರ್. ನನಗೆ ಹೀಗೆ ಅರ್ಥ ಆಗುತ್ತೆ: ತಂತಿಯ ಎರಡು ತುದಿಯ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಮಾತ್ರ ಕರೆಂಟ್ ಹರಿಯುತ್ತೆ. ಬಂಡವಾಳವೂ ಹಾಗೇ. ಉಕ್ಕು ಅಗ್ಗ ಇರೋ ಕಡೆ ಕಾರ್ಖಾನೆ ಹರಿದು ಬರಬೇಕು. ಎರಡೂ ತುದಿಯಲ್ಲಿ ರೇಟು ಒಂದೇ ಮಾಡಿದರೆ ಬಿಹಾರಕ್ಕೆ ಬಂಡವಾಳ ಯಾಕೆ ಹರಿಯುತ್ತೆ? ಉದ್ಯಮಿ ಬೇರೆ ಅನುಕೂಲ ನೋಡ್ತಾನೆ. ಬಂದರು ಎಲ್ಲಿದೆ, ಮಾರುಕಟ್ಟೆ ಎಲ್ಲಿದೆ, ಓದಿದ ಹುಡುಗರು ಎಲ್ಲಿ ಸಿಗ್ತಾರೆ? ಆ ಪಟ್ಟಿಯಲ್ಲಿ ಬಿಹಾರ ಇರಲಿಲ್ಲ.

“ಕೇಂದ್ರ ಸರ್ಕಾರ ಪೂರ್ವದಲ್ಲಿ ದೊಡ್ಡ ದೊಡ್ಡ ಕಾರ್ಖಾನೆ ಕಟ್ಟಲಿಲ್ವಾ ಸ್ವಾಮಿ?” ಅಂತ ನೀವು ಕೇಳಬಹುದು. ಕಟ್ಟಿತು. ಸಿಂದ್ರಿಯಲ್ಲಿ ರಸಗೊಬ್ಬರ, ರೂರ್ಕೆಲಾ, ದುರ್ಗಾಪುರ, ಆಮೇಲೆ ಬೊಕಾರೊದಲ್ಲಿ ಉಕ್ಕು, ರಾಂಚಿಯಲ್ಲಿ ಭಾರಿ ಯಂತ್ರಗಳ ಕಾರ್ಖಾನೆ. ಆದ್ರೆ ಉಕ್ಕಿನ ಕಾರ್ಖಾನೆ ಒಂದು ದ್ವೀಪ ಇದ್ದಂಗೆ. ಒಳಗೆ ಟೌನ್‌ಶಿಪ್, ಆಸ್ಪತ್ರೆ, ಶಾಲೆ. ಗೋಡೆ ದಾಟಿದರೆ ಹಳೇ ಹಳ್ಳಿ. ಲಕ್ಷಾಂತರ ಜನಕ್ಕೆ ಕೆಲಸ ಹುಟ್ಟೋದು ಉಕ್ಕು ಮಾಡೋ ಕಡೆ ಅಲ್ಲ. ಆ ಉಕ್ಕಿನಿಂದ ಬೋಲ್ಟು, ನಟ್ಟು, ಪಂಪು, ಸೈಕಲ್ಲು, ಗೇರು ಮಾಡೋ ಕಡೆ. ಅವು ಎಲ್ಲಿ ಬೆಳೆದವು? ಸೈಕಲ್ ಲೂಧಿಯಾನಾದಲ್ಲಿ. ಪಂಪ್ ಕೊಯಮತ್ತೂರಿನಲ್ಲಿ. ಡೀಸೆಲ್ ಇಂಜಿನ್ ರಾಜ್‌ಕೋಟ್‌ನಲ್ಲಿ. ಮೆಷಿನ್ ಟೂಲ್ ಎಲ್ಲಿ ಹೇಳಿ? ನಮ್ಮ ಬೆಂಗಳೂರಿನಲ್ಲಿ.

ಹೌದು, ಈ ಕಥೆಯಲ್ಲಿ ನಾವೂ ಇದ್ದೀವಿ. 1953ರಲ್ಲಿ ಎಚ್‌ಎಂಟಿ ಬಂತು, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ಅವುಗಳ ಬೆನ್ನಿಗೆ ಪೀಣ್ಯದಲ್ಲಿ ಸಾವಿರಾರು ಸಣ್ಣ ಶೆಡ್‌ಗಳು. ಬೆಂಗಳೂರಿನ ಸುತ್ತ ಕಲ್ಲಿದ್ದಲು ಇಲ್ಲ, ದೊಡ್ಡ ಉಕ್ಕಿನ ಕಾರ್ಖಾನೆ ಇಲ್ಲ. ಇದ್ದದ್ದು ಒಳ್ಳೆ ಹವೆ, ಮೈಸೂರು ಸಂಸ್ಥಾನ ಕಟ್ಟಿದ ಶಾಲೆ ಕಾಲೇಜುಗಳು, ವಿಜ್ಞಾನ ಸಂಸ್ಥೆ, ಕೈ ಪಳಗಿದ ಕೆಲಸಗಾರರು. ಅದು ನಮ್ಮ ಹಿರಿಯರ ದುಡಿಮೆ, ಅದನ್ನ ಯಾರೂ ಕಿತ್ತುಕೊಳ್ಳೋಕೆ ಆಗಲ್ಲ. ಆದ್ರೆ ಅವರ ಕೈಗೆ ಬಂದ ಉಕ್ಕು ಜಮ್ಷೆಡ್‌ಪುರದವನಿಗೆ ಸಿಗೋ ಬೆಲೆಗೇ ಬಂತು ಅನ್ನೋದೂ ಅಷ್ಟೇ ಸತ್ಯ. ನಮ್ಮ ಕಾಲೇಜಿನ ವರ್ಕ್‌ಶಾಪ್‌ನಲ್ಲಿ ಸಾಲಾಗಿ ನಿಂತಿದ್ದ ಹಳೇ ಎಚ್‌ಎಂಟಿ ಲೇಥ್‌ಗಳ ಬಗ್ಗೆ ನಮಗೆ ಹೆಮ್ಮೆ ಇತ್ತು. ಅದರ ಪಕ್ಕ ನಿಂತ ಧನ್‌ಬಾದ್ ಹುಡುಗನಿಗೆ ಏನನಿಸ್ತಿತ್ತೋ, ನಾನು ಕೇಳಿರಲಿಲ್ಲ.

ಈಗ ಎಲ್ಲದಕ್ಕೂ ಈ ಒಂದೇ ನೀತಿ ಕಾರಣ ಅಂದ್ರೆ ಅದು ಟಿವಿ ಮಾತಾಗುತ್ತೆ, ಇತಿಹಾಸ ಆಗಲ್ಲ. ಬೇರೆ ಕಾರಣಗಳೂ ಇವೆ. 1793ರ ಕಾಯಂ ಗುತ್ತಿಯಲ್ಲಿ ಬ್ರಿಟಿಷರು ಜಮೀನ್ದಾರರನ್ನ ಸೃಷ್ಟಿ ಮಾಡಿದರು. ಉಳುವವನ ಕೈಯಲ್ಲಿ ದುಡ್ಡು ನಿಲ್ಲಲಿಲ್ಲ. 1947ರ ವಿಭಜನೆಯಲ್ಲಿ ಸೆಣಬಿನ ಮಿಲ್‌ಗಳು ಹೂಗ್ಲಿ ದಂಡೆಯಲ್ಲಿ ಉಳಿದವು, ಸೆಣಬು ಬೆಳೆಯೋ ಹೊಲಗಳಲ್ಲಿ ಬಹುಪಾಲು ಪೂರ್ವ ಪಾಕಿಸ್ತಾನಕ್ಕೆ ಹೋದವು. 1960ರ ದಶಕದ ಕೊನೆಗೆ ಬಂಗಾಳದಲ್ಲಿ ಮುಷ್ಕರ, ಘೇರಾವ್, ಕಾರ್ಖಾನೆಗೆ ಬೀಗ. ಬಿಹಾರದ ರಾಜಕಾರಣಿಗಳೇನು ಸಾಚಾಗಳಲ್ಲ. 1996ರಲ್ಲಿ ಹೊರಬಿದ್ದ ಮೇವು ಹಗರಣ ಒಂದೇ ಸಾಕು. ಅವರ ಪಾಪ ಅವರದೇ. ಆದ್ರೆ ಒಂದು ಮನೆಗೆ ಕಳ್ಳರು ನುಗ್ಗಿದ್ದರು ಅನ್ನೋ ಕಾರಣಕ್ಕೆ, ಅದಕ್ಕೂ ಮೊದಲು ಆ ಮನೆಯಿಂದ ಕಾನೂನಿನ ಪ್ರಕಾರವೇ ಹೊತ್ತೊಯ್ದಿದ್ದರ ಲೆಕ್ಕ ಅಳಿಸಿ ಹೋಗಲ್ಲ.

ಫಲ ಏನಾಯ್ತು? ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರಲ್ಲಿ ಒಂದು ಲೆಕ್ಕ ಕೊಟ್ಟಿದೆ. 1960-61ರಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ಪಶ್ಚಿಮ ಬಂಗಾಳದ ಪಾಲು ಶೇ 10.5 ಇತ್ತು. 2023-24ಕ್ಕೆ ಶೇ 5.6. ಅಲ್ಲಿನ ತಲಾ ಆದಾಯ ಒಂದು ಕಾಲಕ್ಕೆ ದೇಶದ ಸರಾಸರಿಗಿಂತ ಮೇಲಿತ್ತು, ಸರಾಸರಿಯ ಶೇ 127.5. 2023-24ಕ್ಕೆ ಶೇ 83.7. ಬಿಹಾರದ್ದು ಸರಾಸರಿಯ ಮೂರನೇ ಒಂದು ಭಾಗದ ಆಸುಪಾಸು. ಕರ್ನಾಟಕದ್ದು? ಸರಾಸರಿಯ ಶೇ 181ರ ಹತ್ತಿರ.

ಸಮೀಕರಣ ಹೋಯ್ತಲ್ಲ, ಈಗಲಾದರೂ ಅವರು ಬೆಳೀಬಹುದಿತ್ತು ಅಂತೀರಾ? ಅದು ಹೋದ ಹೊತ್ತಿಗೆ ಆಟದ ನಿಯಮವೇ ಬದಲಾಗಿತ್ತು. 1991ರ ಉದಾರೀಕರಣ ಆದ ಮೇಲೆ ಹೊಸ ದುಡ್ಡು ಬಂದಿದ್ದು ಸಾಫ್ಟ್‌ವೇರ್‌ಗೆ, ಸೇವಾ ವಲಯಕ್ಕೆ, ಬಂದರು ಇರೋ ರಾಜ್ಯಗಳಿಗೆ. ಕೋಡ್ ಬರೆಯೋಕೆ ಕಲ್ಲಿದ್ದಲು ಬೇಕಾ? ಅವರ ಹತ್ತಿರ ಇದ್ದದ್ದಕ್ಕೆ ಬೆಲೆ ಬರಬೇಕಾದ ಕಾಲದಲ್ಲಿ ಆ ಬೆಲೆ ಅವರಿಗೆ ಸಿಗಲಿಲ್ಲ. ಅದು ಅವರ ಕೈಗೆ ವಾಪಸ್ ಬಂದಾಗ ದೇಶ ಬೇರೆ ದಾರಿ ಹಿಡಿದಿತ್ತು. 2000ದ ನವೆಂಬರ್ 15ರಂದು ಜಾರ್ಖಂಡ್ ಬೇರೆ ಆಯ್ತು. ಗಣಿ, ಕಾರ್ಖಾನೆಗಳ ಬಹುಪಾಲು ಅತ್ತ ಹೋಯ್ತು. ಬಿಹಾರಕ್ಕೆ ಉಳಿದಿದ್ದು ಹೊಲ, ನೆರೆ ಮತ್ತು ಜನ.

ಆ ಜನ ರೈಲು ಹತ್ತಿದರು. ಮೊದಲು ಕಲ್ಲಿದ್ದಲು ಬಂದಿತ್ತು, ಉಕ್ಕು ಬಂದಿತ್ತು. ಈಗ ಅವುಗಳ ಹಿಂದೆ ಮನುಷ್ಯರು ಬಂದರು. ನಮ್ಮ ಮೆಟ್ರೋ ಕಂಬಗಳಿಗೆ ಕಬ್ಬಿಣ ಕಟ್ಟೋ ಕೈಗಳನ್ನ ನೋಡಿ. ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಲ್ಲಿ, ಅವರು ಊರಿಗೆ ಹೋಗ್ತೀವಿ ಅಂದಾಗ ನಾವೇನು ಮಾಡಿದ್ವಿ ನೆನಪಿದೆಯಾ? ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಿಗೆ ನಮ್ಮ ಸರ್ಕಾರ ಶ್ರಮಿಕ್ ರೈಲುಗಳನ್ನೇ ಬೇಡ ಅಂದಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮತ್ತೆ ಬಿಟ್ಟಿತು. ಕಬ್ಬಿಣ ನಮ್ಮೂರಿಗೆ ಬರಲಿ ಅಂತ 35 ವರ್ಷ ಬಾಡಿಗೆಯನ್ನ ಸರಿದೂಗಿಸಿದ ದೇಶ ಇದು. ಕಬ್ಬಿಣ ಕಟ್ಟೋನು ತನ್ನೂರಿಗೆ ಹೋಗ್ತೀನಿ ಅಂದಾಗ ರೈಲು ನಿಂತುಹೋಗಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಊರಿನ ಬಗ್ಗೆಯೂ ಹೇಳಬೇಕು. ಯಾಕಂದ್ರೆ ಈ ಲೆಕ್ಕ ನನಗೆ ಮೊದಲೇ ಅರ್ಥ ಆಗಬೇಕಿತ್ತು.

ನಾನು ರಾಯಚೂರು ಜಿಲ್ಲೆಯವನು, ದೇವದುರ್ಗ ತಾಲ್ಲೂಕು. ನಮ್ಮ ಕಾಕಾ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. 1985ರಲ್ಲಿ ಮೊದಲ ಘಟಕ ಶುರುವಾದ, ಈಗ 1720 ಮೆಗಾವಾಟ್ ಸಾಮರ್ಥ್ಯದ ಕೇಂದ್ರ ಅದು. ನಮ್ಮ ಊರಲ್ಲಿ ರಾತ್ರಿ ಕರೆಂಟ್ ಹೋದಾಗೆಲ್ಲ ಕಾಕಾ ಕಟ್ಟೆ ಮೇಲೆ ಕೂತು ಒಂದೇ ಮಾತು ಹೇಳ್ತಿದ್ದರು: “ಬೂದಿ ನಮಗ, ಬೆಳಕು ಬೆಂಗಳೂರಿಗೆ ನೋಡಪಾ.”

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೇಳಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ನನ್ನ ದೇವದುರ್ಗವೂ ಅದರಲ್ಲಿದೆ. ಆಮೇಲೆ ಹೋರಾಟ ಆಯ್ತು, ಸಂವಿಧಾನಕ್ಕೆ ತಿದ್ದುಪಡಿ ಆಗಿ 371-ಜೆ ವಿಧಿ ಬಂತು. ಕಾಲೇಜಿನಲ್ಲಿ, ನೌಕರಿಯಲ್ಲಿ ನಮ್ಮ ಹುಡುಗರಿಗೆ ಮೀಸಲು ಸಿಕ್ತು. ಆಗ ಬೆಂಗಳೂರಿನಲ್ಲಿ ಕೆಲವರು ಏನಂದ್ರು ಗೊತ್ತಾ? “ಇವರಿಗೆ ಎಷ್ಟು ಕೊಟ್ಟರೂ ಅಷ್ಟೇ. ದುಡಿಯೋರು ನಾವು.”

ಕೇಳಿದ ಮಾತು ಅನಿಸ್ತಿದೆಯಾ? ನನ್ನ ಊರಿನವರ ಬಗ್ಗೆ ಅಂದಾಗ ನನ್ನ ಮೈ ಉರಿದಿತ್ತು. ಅದೇ ಮಾತನ್ನ ನಾನು ಕೋಟು ಹಾಕ್ಕೊಂಡು, ಲೈಟು ಹಾಕ್ಕೊಂಡು, ಬಿಹಾರದವರ ಬಗ್ಗೆ ಆಡಿದೆ.

ಹಾಗಂತ ನಮ್ಮ ತೆರಿಗೆಯ ಪಾಲು ಕೇಳಬಾರದು ಅಂತ ನಾನು ಹೇಳ್ತಿಲ್ಲ. ಖಂಡಿತ ಕೇಳಬೇಕು. ಶೇ 4.713ರಿಂದ 3.647ಕ್ಕೆ ಇಳಿದಿದ್ದು ಸಣ್ಣ ಪೆಟ್ಟಲ್ಲ. 15ನೇ ಆಯೋಗ ತಲಾ ಆದಾಯದ ಅಂತರಕ್ಕೇ ಶೇ 45 ತೂಕ ಕೊಟ್ಟಿದ್ದು ಸರಿಯಾ, ಚೆನ್ನಾಗಿ ಆಡಳಿತ ಮಾಡಿದ ರಾಜ್ಯಕ್ಕೆ ಅದು ದಂಡ ಆಯ್ತಾ ಅಂತ ವಾದ ಮಾಡೋಣ. ಬಿಹಾರಕ್ಕೆ ಹೋದ ದುಡ್ಡು ಶಾಲೆಗೆ ಹೋಯ್ತಾ, ಜೇಬಿಗೆ ಹೋಯ್ತಾ ಅಂತಲೂ ಕೇಳೋಣ. ಅದು ಹಕ್ಕು. ಆದ್ರೆ ಲೆಕ್ಕದ ಪುಸ್ತಕವನ್ನ ನಮಗೆ ಅನುಕೂಲ ಆಗೋ ಪುಟದಿಂದ ತೆರೀಬಾರದು. ಹಿಂದಿನ ಪುಟಗಳಲ್ಲಿ ಆ 90 ರೂಪಾಯಿ ಬರೆದಿದೆ.

ಆ ಪುಟಗಳನ್ನ ಓದೋ ಕೆಲಸ ನಿಧಾನಕ್ಕೆ ಶುರುವಾಗಿದೆ. 2024ರ ಜುಲೈ 25ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8-1ರ ಬಹುಮತದಲ್ಲಿ ಒಂದು ತೀರ್ಪು ಕೊಟ್ಟಿತು. ಗಣಿಯ ರಾಯಧನ ಬೇರೆ, ತೆರಿಗೆ ಬೇರೆ. ಖನಿಜದ ಹಕ್ಕಿನ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯಗಳಿಗಿದೆ ಅಂತ. ಜಾರ್ಖಂಡ್, ಒಡಿಶಾಗಳಿಗೆ ಮಾತ್ರ ಅಲ್ಲ, ಬಳ್ಳಾರಿ ಇರೋ ನಮಗೂ ಅದು ಅನ್ವಯಿಸುತ್ತೆ. ಮಣ್ಣಿನ ಕೆಳಗಿರೋದರ ಬೆಲೆ ಆ ಮಣ್ಣಿನ ಮೇಲಿರೋರಿಗೆ ಸಿಗಬೇಕು ಅನ್ನೋ ಮಾತಿಗೆ ಕಾನೂನಿನ ಬಲ ಬರೋಕೆ ಇಷ್ಟು ವರ್ಷ ಬೇಕಾಯ್ತು.

ಆ ರಾತ್ರಿ ನನ್ನ ರೂಮ್‌ಮೇಟ್‌ಗೆ ನಾನು ಉತ್ತರ ಕೊಡಲಿಲ್ಲ, ಕೊಡೋಕೆ ಉತ್ತರ ಇರಲಿಲ್ಲ. ಓದಿ ಮುಗಿಸಿದ ಮೇಲೆ ಫೋನ್ ಮಾಡಿದೆ. ತಪ್ಪು ಮಾತಾಡಿದೆ ಕಣೋ ಅಂದೆ. ಅವನು ನಕ್ಕ. “ಆ ಮಾತು ಸ್ಟುಡಿಯೋದಲ್ಲಿ ಹೇಳಿದ್ದೆ, ಇದನ್ನೂ ಅಲ್ಲೇ ಹೇಳು” ಅಂದ.

ಹೇಳಿದ್ದೀನಿ.